ಹೋದ ದಾರಿಯ ಕಾವ್ಯ, ಬಂದ ದಾರಿಯ ದಿನಚರಿ

ಸಮುದ್ರಯಾನಿಗಳ ಹೆಸರೆತ್ತಿದೊಡನೆ ನಮ್ಮ ಶಾಲೆಯ ಮಕ್ಕಳು ಮೂರು ಹೆಸರುಗಳನ್ನು ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತಾರೆ: ಕೊಲಂಬಸ್, ವಾಸ್ಕೊ ಡ ಗಾಮ, ಮೆಗೆಲನ್. ಅವುಗಳ ಬೆನ್ನಿಗೇ ಮೂರು ಇಸವಿಗಳು: 1492, 1498, 1519. ಪರೀಕ್ಷೆಗೆ ಇಷ್ಟು ಸಾಕು. ಆದರೆ ಸ್ವಲ್ಪ ಯೋಚಿಸಿ ನೋಡಿದರೆ, ಇವೆಲ್ಲ ಹೊರಟ ಅಥವಾ ಮುಟ್ಟಿದ ಇಸವಿಗಳು. ಇವರು ಊರಿಗೆ ಮರಳಿದ್ದು ಯಾವಾಗ, ಎಷ್ಟು ಜನ ಮರಳಿದರು, ಹೇಗೆ ಮರಳಿದರು ಎಂದು ಪಠ್ಯಪುಸ್ತಕಗಳು ಕೇಳುವುದಿಲ್ಲ, ನಾವೂ ಕೇಳುವುದಿಲ್ಲ. ಮೆಗೆಲನ್ ಮರಳಲೇ ಇಲ್ಲ ಎಂಬುದು ಕೂಡ ಎಷ್ಟೋ ಜನ ವಿದ್ಯಾವಂತರಿಗೆ ಹೊಸ ಸುದ್ದಿಯೇ.

ಯಾನದ ಅರ್ಧ ಕಥೆಯನ್ನು ಮಾತ್ರ ಹೇಳಿ ಉಳಿದರ್ಧವನ್ನು ಕೈಬಿಡುವ ಈ ರೂಢಿ ಪಠ್ಯಪುಸ್ತಕ ಬರೆದವರಿಂದ ಹುಟ್ಟಿದ್ದಲ್ಲ. ಅದರ ಬೇರು ಸಾಹಿತ್ಯದಲ್ಲೇ ಇದೆ. ಈ ಮಾತನ್ನು ಪರೀಕ್ಷಿಸಲು ವಾಸ್ಕೊ ಡ ಗಾಮನ ಮೊದಲ ಯಾನಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಏಕೆಂದರೆ ಆ ಒಂದೇ ಯಾನವನ್ನು ಕುರಿತು ಎರಡು ಪುಸ್ತಕಗಳಿವೆ. ಒಂದು, ಹಡಗಿನಲ್ಲಿದ್ದವನೇ ಬರೆದಿಟ್ಟ ದಿನಚರಿ. ಇನ್ನೊಂದು, ಯಾನ ಮುಗಿದು ಎಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ ಅಚ್ಚಾದ ಮಹಾಕಾವ್ಯ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ಕಾವ್ಯ ಎಲ್ಲಿ ಮೇಲೇರುತ್ತದೆ, ಎಲ್ಲಿ ಕಣ್ಣು ಮುಚ್ಚಿಕೊಳ್ಳುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ದಿನಚರಿಯ ವಿಷಯ. ಪೋರ್ಚುಗೀಸರು ಇದನ್ನು 'ರೊತೇರು' ಎನ್ನುತ್ತಾರೆ. ದಾರಿಯ ಪುಸ್ತಕ ಎಂದು ಅರ್ಥಮಾಡಿಕೊಳ್ಳಬಹುದು. ಬರೆದವನ ಹೆಸರು ಅದರಲ್ಲಿಲ್ಲ. ಅಲ್ವಾರು ವೆಲ್ಯು ಎಂಬ ನಾವಿಕನದಿರಬೇಕೆಂದು ಹಲವು ವಿದ್ವಾಂಸರು ಊಹಿಸುತ್ತಾರೆ, ಒಪ್ಪದವರೂ ಇದ್ದಾರೆ. ಮೂಲಪ್ರತಿ ಕಳೆದುಹೋಗಿ, ಹದಿನಾರನೆಯ ಶತಮಾನದ ಒಂದು ನಕಲು ಮಾತ್ರ ಉಳಿದು, ಅದು 1838ರಲ್ಲಿ ಮೊದಲ ಬಾರಿಗೆ ಅಚ್ಚಾಯಿತು. ಪೋರ್ಚುಗೀಸ್ ಬಾರದ ನಮ್ಮಂಥವರಿಗೆ ರೇವನ್‌ಸ್ಟೈನ್ 1898ರಲ್ಲಿ ಹೊರತಂದ ಇಂಗ್ಲಿಷ್ ಅನುವಾದವೇ ಆಧಾರ. 2013ರಲ್ಲಿ ಯುನೆಸ್ಕೊ ಸಂಸ್ಥೆ ಈ ಹಸ್ತಪ್ರತಿಯನ್ನು ಜಗತ್ತಿನ ಸ್ಮರಣೀಯ ದಾಖಲೆಗಳ ಪಟ್ಟಿಗೆ ಸೇರಿಸಿತು. ಹೆಸರಿಲ್ಲದ ಒಬ್ಬ ನಾವಿಕನಿಗೆ ಸಂದ ಮರ್ಯಾದೆ ಇದು.

1497ರ ಜುಲೈ 8ರಂದು ಲಿಸ್ಬನ್ನಿನ ರೆಸ್ತೆಲು ಬಂದರಿನಿಂದ ನಾಲ್ಕು ಹಡಗುಗಳು ಹೊರಟವು. ಅವುಗಳಲ್ಲಿ ಒಂದು ಬರೀ ದಾಸ್ತಾನು ಹೊತ್ತ ಹಡಗು. ಗಾಮ 'ಸಾಂವ್ ಗಾಬ್ರಿಯಲ್'ನಲ್ಲಿದ್ದ, ಅವನ ಅಣ್ಣ ಪೌಲೊ 'ಸಾಂವ್ ರಾಫಾಯಲ್'ನಲ್ಲಿ. ಆಫ್ರಿಕದ ತುದಿಯನ್ನು ಬಳಸಿ, ಪೂರ್ವತೀರದ ಮಲಿಂದಿಯನ್ನು ಮುಟ್ಟಿ, ಅಲ್ಲಿನ ದೊರೆ ಕೊಟ್ಟ ದಾರಿಗಾರನ ನೆರವಿನಿಂದ 1498ರ ಮೇ 20ರಂದು ಅವರು ಕಲ್ಲಿಕೋಟೆಯ ಕಡಲಲ್ಲಿ ಲಂಗರು ಹಾಕಿದರು. ಇಲ್ಲಿಯವರೆಗಿನದು ನಮಗೆಲ್ಲ ತಿಳಿದ ಕಥೆ.

ಈ ದಿನಚರಿಕಾರನಿಗೆ ಅಲಂಕಾರ ಗೊತ್ತಿಲ್ಲ. ಕಂಡದ್ದನ್ನು ಕಂಡಂತೆ, ತಪ್ಪು ತಿಳಿದದ್ದನ್ನು ತಪ್ಪು ತಿಳಿದಂತೆಯೇ ಬರೆದಿದ್ದಾನೆ. ಅವನ ದೊಡ್ಡ ಗುಣವೆಂದರೆ ತಮ್ಮವರ ಮಾನ ಹೋದ ಪ್ರಸಂಗವನ್ನೂ ಅವನು ಮುಚ್ಚಿಡುವುದಿಲ್ಲ. ಸಾಮೂದಿರಿ ಅರಸನಿಗೆ ಕೊಡಲೆಂದು ಗಾಮ ಜೋಡಿಸಿದ ಕಾಣಿಕೆಯ ಪಟ್ಟಿಯನ್ನು ಅವನು ಒಂದನ್ನೂ ಬಿಡದೆ ಕೊಡುತ್ತಾನೆ: ಪಟ್ಟೆ ಬಟ್ಟೆಯ ಹನ್ನೆರಡು ತುಂಡು, ನಾಲ್ಕು ಕೆಂಪು ಕುಲಾವಿ, ಆರು ಟೋಪಿ, ನಾಲ್ಕು ಸರ ಹವಳ, ಕೈ ತೊಳೆಯುವ ಆರು ಬೋಗುಣಿ, ಒಂದು ಪೆಟ್ಟಿಗೆ ಸಕ್ಕರೆ, ಎರಡೆರಡು ಪೀಪಾಯಿ ಎಣ್ಣೆ ಮತ್ತು ಜೇನುತುಪ್ಪ. ಇದನ್ನು ನೋಡಿ ಅರಮನೆಯ ಅಧಿಕಾರಿಗಳು ನಕ್ಕರು. ಮೆಕ್ಕಾದಿಂದ ಬರುವ ಅತ್ಯಂತ ಬಡ ವರ್ತಕನೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಎಂದರು. ಕಲ್ಲಿಕೋಟೆಯ ಸಂಪತ್ತು ಎಷ್ಟಿತ್ತೆಂದು ಹತ್ತು ಪುಟ ವರ್ಣಿಸಿದ್ದರೂ ಆ ನಗೆಯಷ್ಟು ಅದು ನಮಗೆ ಮನವರಿಕೆಯಾಗುತ್ತಿರಲಿಲ್ಲ.

ದೇವಸ್ಥಾನದ ಪ್ರಸಂಗವೂ ಹೀಗೆಯೇ. ಹಿಂದೂ ದೇಗುಲವನ್ನು ಇವರು ಇಗರ್ಜಿಯೆಂದೇ ತಿಳಿದರು. ಒಳಗಿನ ದೇವಿಯನ್ನು ಮೇರಿಮಾತೆಯೆಂದು ಭಾವಿಸಿ ಪ್ರಾರ್ಥಿಸಿದರು. ಗೋಡೆಯ ಮೇಲಿನ ಚಿತ್ರಗಳನ್ನು ಸಂತರ ಚಿತ್ರಗಳೆಂದು ಕರೆದ ದಿನಚರಿಕಾರ, ಆ ಸಂತರಿಗೆ ಬಾಯಿಂದಾಚೆ ಚಾಚಿದ ಕೋರೆಹಲ್ಲುಗಳೂ ನಾಲ್ಕೈದು ಕೈಗಳೂ ಇದ್ದವು ಎಂದು ಯಾವ ಶಂಕೆಯೂ ಇಲ್ಲದೆ ಸೇರಿಸುತ್ತಾನೆ. ನಂಬಿಕೆ ಒಂದು ಕಡೆಗೆ ಎಳೆಯುತ್ತಿದ್ದರೂ ಕಣ್ಣು ತಾನು ಕಂಡದ್ದನ್ನು ಬಿಟ್ಟುಕೊಡುವುದಿಲ್ಲ. ಓದುವ ನಮಗೆ ನಗು ಬರುತ್ತದೆ. ಜೊತೆಗೆ ಬರೆದವನ ಮೇಲೆ ವಿಶ್ವಾಸವೂ ಹುಟ್ಟುತ್ತದೆ.

ಇನ್ನು ಕಾವ್ಯಕ್ಕೆ ಬರೋಣ. ಲೂಯಿಸ್ ಡ ಕಮೋಯೆನ್ಸ್ 1572ರಲ್ಲಿ ಪ್ರಕಟಿಸಿದ 'ಲೂಸಿಯಾಡ್ಸ್' ಪೋರ್ಚುಗೀಸರಿಗೆ ರಾಷ್ಟ್ರಕಾವ್ಯ. ಹತ್ತು ಸರ್ಗಗಳು, 1102 ಅಷ್ಟಪದಿಗಳು. ಕವಿ ಮನೆಯಲ್ಲಿ ಕುಳಿತು ಕಡಲನ್ನು ಕಲ್ಪಿಸಿಕೊಂಡವನಲ್ಲ. 1553ರಲ್ಲಿ ಸೈನಿಕನಾಗಿ ಗೋವಾಕ್ಕೆ ಬಂದು, ಪೂರ್ವದೇಶಗಳಲ್ಲಿ ಹದಿನೇಳು ವರ್ಷ ಅಲೆದು, ಹಡಗು ಒಡೆದ ಕಷ್ಟವನ್ನೂ ಅನುಭವಿಸಿ, 1570ರಲ್ಲಿ ಲಿಸ್ಬನ್ನಿಗೆ ಮರಳಿದವನು. ನಮ್ಮ ಆಲಂಕಾರಿಕರು ಮಹಾಕಾವ್ಯಕ್ಕೆ ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದಷ್ಟೆ. ನಮ್ಮ ಎಷ್ಟೋ ಕವಿಗಳಿಗೆ ಅದು ಶಾಸ್ತ್ರಕ್ಕೆ ಸಲ್ಲಿಸುವ ಕಂದಾಯ. ಕಮೋಯೆನ್ಸನಿಗೆ ಅದು ಸ್ವಾನುಭವ.

ಆದರೆ ಅವನು ಹಿಡಿದ ಮಾದರಿ ರೋಮನ್ ಕವಿ ವರ್ಜಿಲನದು. ಆದ್ದರಿಂದ ಯಾನಕ್ಕೆ ದೇವತೆಗಳು ಬೇಕಾದರು. ಶುಕ್ರದೇವತೆ ವೀನಸ್ ಗಾಮನ ಪಕ್ಷ. ಹಿಂದೆ ಭಾರತವನ್ನು ತಾನು ಗೆದ್ದಿದ್ದೆನೆಂಬ ಅಭಿಮಾನದಿಂದ ಮದ್ಯದೇವತೆ ಬ್ಯಾಕಸ್ ಅವನ ವೈರಿ. ಗುಡ್‌ಹೋಪ್ ಭೂಶಿರವೇ ಅಡಮಾಸ್ಟರ್ ಎಂಬ ದೈತ್ಯನಾಗಿ ಎದ್ದುನಿಂತು ನಾವಿಕರನ್ನು ಶಪಿಸುವ ಐದನೆಯ ಸರ್ಗದ ಕಲ್ಪನೆ ನಿಜಕ್ಕೂ ಭವ್ಯವಾದದ್ದು. ಅದೇ ಸರ್ಗದಲ್ಲಿ ವಸಡು ಊದಿ ಕೊಳೆತು ಸಾಯುವ ನಾವಿಕರ ವರ್ಣನೆಯಿದೆ. ಪರದೇಶದ ಯಾವುದೋ ದಿಣ್ಣೆ, ಯಾವುದೋ ಅಲೆ ಮನುಷ್ಯನ ದೇಹಕ್ಕೆ ಎಷ್ಟು ಸುಲಭವಾಗಿ ಗೋರಿಯಾಗುತ್ತದೆ ಎಂದು ಕವಿ ಅಲ್ಲಿ ಮರುಗುತ್ತಾನೆ. ಕಮೋಯೆನ್ಸನಿಗೆ ಕರುಣರಸ ಒಲಿದಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಮುಂದಿನ ಮಾತಿಗೆ ಇದು ಮುಖ್ಯವಾದ್ದರಿಂದ ಈಗಲೇ ಹೇಳಿಟ್ಟಿದ್ದೇನೆ.

ಈಗ ಎರಡು ಪುಸ್ತಕಗಳನ್ನು ಎದುರುಬದುರು ಇಡೋಣ. ಮಲಿಂದಿಯಿಂದ ಕಲ್ಲಿಕೋಟೆಗೆ ಬಂದ ಹಾದಿಯನ್ನು ನೋಡಿ. ದಿನಚರಿಯ ಪ್ರಕಾರ ಏಪ್ರಿಲ್ 24ರಂದು ಹೊರಟವರಿಗೆ ಗಾಳಿ ಬೆನ್ನಿಗಿತ್ತು. 23 ದಿನಗಳಲ್ಲಿ ದಾಟಿಬಿಟ್ಟರು. ಇಡೀ ಯಾನದಲ್ಲೇ ಇದು ಸುಖದ ಹಾದಿ. ದಿನಚರಿಕಾರನಿಗೆ ಹೇಳಲು ಹೆಚ್ಚೇನೂ ಇಲ್ಲ, ಆದ್ದರಿಂದ ಅವನು ಹೇಳುವುದೂ ಇಲ್ಲ. ಕಾವ್ಯದ ಆರನೆಯ ಸರ್ಗದಲ್ಲಾದರೋ ಇದೇ ಹಾದಿಯಲ್ಲಿ ಭಯಂಕರ ಬಿರುಗಾಳಿ ಏಳುತ್ತದೆ. ಬ್ಯಾಕಸನು ಕಡಲರಸನ ಅರಮನೆಗೆ ಹೋಗಿ ದೂರುತ್ತಾನೆ, ಗಾಳಿಗಳು ಬಿಡುಗಡೆಯಾಗುತ್ತವೆ, ಕೊನೆಗೆ ವೀನಸ್ ಅಪ್ಸರೆಯರನ್ನು ಕಳಿಸಿ ಗಾಳಿಗಳನ್ನು ಮರುಳುಗೊಳಿಸುತ್ತಾಳೆ. ಗಾಳಿ ಅಡಗಿದೊಡನೆ ಕಲ್ಲಿಕೋಟೆಯ ನೆಲ ಕಾಣಿಸುತ್ತದೆ.

ಇದನ್ನು ಕವಿಯ ಸ್ವಾತಂತ್ರ್ಯವೆಂದು ಒಪ್ಪಿಬಿಡಬಹುದು. ಗುರಿಯ ಮುಂದೆ ಒಂದು ಗಂಡಾಂತರವಿಲ್ಲದಿದ್ದರೆ ವೀರರಸಕ್ಕೆ ಬಿಗಿ ಬರುವುದು ಹೇಗೆ? ಆದರೆ ಮರಳುವ ದಾರಿಯಲ್ಲಿ ಏನಾಗುತ್ತದೆ ನೋಡಿ.

1498ರ ಆಗಸ್ಟ್ ಕೊನೆಯಲ್ಲಿ ಗಾಮ ಕಲ್ಲಿಕೋಟೆಯನ್ನು ಬಿಟ್ಟ. ಮನಸ್ತಾಪ ಬೆಳೆದಿತ್ತು, ಹಡಗಿಗೆ ಬಂದಿದ್ದ ಊರಿನವರಲ್ಲಿ ಕೆಲವರನ್ನು ಸೆರೆಹಿಡಿದು ಜೊತೆಗೇ ಒಯ್ದ. ತೀರದುದ್ದಕ್ಕೂ ಉತ್ತರಕ್ಕೆ ಬಂದು ಸೆಪ್ಟೆಂಬರ್ ಕೊನೆಯ ವಾರದಲ್ಲಿ ಅಂಜದೀವ್ ದ್ವೀಪದಲ್ಲಿ ಹಡಗುಗಳ ತಳ ಕೆರೆದು ದುರಸ್ತಿಮಾಡಿಕೊಂಡರು, ಸಿಹಿನೀರು ತುಂಬಿಕೊಂಡರು. ಆಡಳಿತದ ಲೆಕ್ಕದಲ್ಲಿ ಗೋವಾಕ್ಕೆ ಸೇರಿದ್ದರೂ ಈ ಅಂಜದೀವ್ ನಮ್ಮ ಕಾರವಾರದ ಕಡಲಲ್ಲೇ ಇದೆ. ಅಕ್ಟೋಬರ್ 5ರ ಶುಕ್ರವಾರ ಅಲ್ಲಿಂದ ಆಫ್ರಿಕದ ಕಡೆಗೆ ಹಾಯಿ ಬಿಚ್ಚಿದರು.

ಬರುವಾಗ 23 ದಿನ ಹಿಡಿದ ಕಡಲು ಹೋಗುವಾಗ ಮೂರು ತಿಂಗಳಿಗೆ ಮೂರು ದಿನ ಕಡಿಮೆ ಹಿಡಿಯಿತು. ಒಮ್ಮೆ ಗಾಳಿಯೇ ಇಲ್ಲ, ಇನ್ನೊಮ್ಮೆ ಎದುರುಗಾಳಿ. ವಸಡು ಹಲ್ಲನ್ನೇ ಮುಚ್ಚುವಷ್ಟು ಬೆಳೆದು ತಿನ್ನಲಾಗದ ಸ್ಥಿತಿ. ಕಾಲು ಊದಿ, ಮೈ ಊದಿ, ಒಬ್ಬೊಬ್ಬರಾಗಿ ಸತ್ತರು. ಮೊದಲೇ ಮೂವತ್ತು ಜನ ಸತ್ತಿದ್ದರು, ಈಗ ಮತ್ತೆ ಮೂವತ್ತು. ಒಂದೊಂದು ಹಡಗಿನಲ್ಲಿ ಕೆಲಸಮಾಡಲು ಏಳೆಂಟು ಜನ ಮಾತ್ರ ಉಳಿದರು, ಅವರೂ ಗಟ್ಟಿಯಾಗಿರಲಿಲ್ಲ. ಇನ್ನು ಹದಿನೈದು ದಿನ ಹೀಗೆಯೇ ನಡೆದಿದ್ದರೆ ಹಡಗು ನಡೆಸಲು ಯಾರೂ ಉಳಿಯುತ್ತಿರಲಿಲ್ಲ ಎಂದು ದಿನಚರಿಕಾರ ಬರೆಯುತ್ತಾನೆ. ಅವನು ಬರೆದಿಡುವ ಇನ್ನೊಂದು ಸಂಗತಿ ಇನ್ನೂ ಮುಖ್ಯವಾದದ್ದು: ಅನುಕೂಲ ಗಾಳಿ ಬೀಸಿದರೆ ಭಾರತಕ್ಕೇ ತಿರುಗಿ ಹೋಗಿಬಿಡೋಣ ಎಂದು ನಾಯಕರೆಲ್ಲ ಸೇರಿ ತೀರ್ಮಾನಿಸಿದ್ದರು. ಜಯಶಾಲಿಗಳೆಂದು ನಾವು ಓದುವ ಈ ಜನ ಸೋಲೊಪ್ಪಿ ಹಿಂದಿರುಗುವ ಅಂಚಿಗೆ ಬಂದಿದ್ದರು. 1499ರ ಜನವರಿ 2ರಂದು ಮೊಗದಿಶು ತೀರ ಕಂಡಿತು. 7ರಂದು ಮಲಿಂದಿ ಸೇರಿದಾಗ ರೋಗಿಗಳು ಹಂಬಲಿಸಿದ್ದು ಕಿತ್ತಳೆ ಹಣ್ಣಿಗಾಗಿ. ಆ ಹಂಬಲದಲ್ಲಿ ಎಷ್ಟು ವೈದ್ಯವಿವೇಕವಿತ್ತೆಂಬುದು 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯ ಕಿತ್ತಳೆ, ನಿಂಬೆ ಕೊಟ್ಟು ಸ್ಕರ್ವಿ ರೋಗಿಗಳನ್ನು ಗುಣಪಡಿಸಿ ತೋರಿಸುವವರೆಗೆ ಪರೀಕ್ಷೆಗೆ ಒಳಗಾಗಲಿಲ್ಲ. ಮೂರು ಹಡಗು ನಡೆಸಲು ಜನ ಸಾಲದೆ 'ಸಾಂವ್ ರಾಫಾಯಲ್' ಹಡಗನ್ನು ತಾವೇ ಸುಟ್ಟು ಮುಂದೆ ಹೋದರು.

ಈ ಸಾವುಗಳಿಗೆ ಕಾರಣ ಯಾವ ದೇವತೆಯ ಕೋಪವೂ ಅಲ್ಲ. ಹೊರಟ ಹೊತ್ತು ತಪ್ಪಾಗಿತ್ತು. ನಮ್ಮ ಪಶ್ಚಿಮ ಸಮುದ್ರದಲ್ಲಿ ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುತ್ತದೆ. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸಿ ಹಡಗನ್ನು ಆಫ್ರಿಕದ ಕಡೆಗೆ ಒಯ್ಯುತ್ತದೆ. ಇವೆರಡರ ನಡುವಿನ ಅಕ್ಟೋಬರ್ ತಿಂಗಳು ಗಾಳಿ ಮನಸ್ಸು ಮಾಡದ ಕಾಲ. ಗುಜರಾತಿ, ಅರಬ್ಬಿ, ಮಲಬಾರಿ ನಾವಿಕರಿಗೆ ಇದು ಅಂಗೈ ಮೇಲಿನ ಗೆರೆ. ಅರಬ್ಬಿ ನೌಕಾಪಂಡಿತ ಇಬ್ನ್ ಮಾಜಿದ್, ಯಾವ ಬಂದರಿನಿಂದ ಯಾವ ಕಾಲಕ್ಕೆ ಹೊರಡಬೇಕೆಂಬುದನ್ನು ಗಾಮ ಬರುವ ಮೊದಲೇ ಗ್ರಂಥವಾಗಿ ಬರೆದಿಟ್ಟಿದ್ದ. ಮುಂಬಯಿಯ ನಮ್ಮ ಓದುಗರು ನಾರಳಿ ಪೌರ್ಣಿಮೆಯಂದು ಕೋಳಿ ಜನ ಕಡಲಿಗೆ ತೆಂಗಿನಕಾಯಿ ಅರ್ಪಿಸುವುದನ್ನು ಕಂಡಿರುತ್ತಾರೆ. ಕಡಲಿಗೂ ಒಂದು ಪಂಚಾಂಗವಿದೆ ಎಂಬ ತಿಳಿವಳಿಕೆಯೇ ಆ ಹಬ್ಬದ ಹಿಂದಿರುವುದು. ಬರುವಾಗ ಆ ತಿಳಿವಳಿಕೆಯುಳ್ಳ ದಾರಿಗಾರ ಗಾಮನ ಜೊತೆಗಿದ್ದ. ಹೋಗುವಾಗ ಕಾಯಲು ತಾಳ್ಮೆಯೂ ಇರಲಿಲ್ಲ, ನೆಲದ ಮೇಲೆ ನಂಬುವವರೂ ಇರಲಿಲ್ಲ.

ಇಷ್ಟು ದೊಡ್ಡ ದುರಂತಕ್ಕೆ ಕಾವ್ಯದಲ್ಲಿ ಸಿಕ್ಕ ಸ್ಥಾನವೇನು? ಏನೂ ಇಲ್ಲ. ಒಂಬತ್ತನೆಯ ಸರ್ಗದಲ್ಲಿ, ಮರಳುವ ನಾವಿಕರಿಗೆ ಬಹುಮಾನವೆಂದು ವೀನಸ್ ಒಂದು ಪ್ರಣಯದ್ವೀಪವನ್ನು ಕಡಲ ನಡುವೆ ತೇಲಿಬಿಡುತ್ತಾಳೆ. ಹೂ ಹಣ್ಣುಗಳ ತೋಟ, ತಿಳಿನೀರಿನ ಕೊಳ, ಬೇಕೆಂದೇ ಓಡಿ ಸಿಕ್ಕಿಬೀಳುವ ಅಪ್ಸರೆಯರು. ಹತ್ತನೆಯ ಸರ್ಗದಲ್ಲಿ ಔತಣ, ಭವಿಷ್ಯವಾಣಿ, ಬ್ರಹ್ಮಾಂಡದ ದರ್ಶನ. ಅದೆಲ್ಲ ಮುಗಿದ ಮೇಲೆ ಶಾಂತವಾದ ಕಡಲಲ್ಲಿ, ಎಂದೂ ಮುನಿಯದ ಮೆಲುಗಾಳಿಯಲ್ಲಿ ಹಡಗುಗಳು ಲಿಸ್ಬನ್ ಸೇರಿದವೆಂದು ಒಂದೇ ಒಂದು ಪದ್ಯದಲ್ಲಿ ಮರುಪಯಣ ಮುಗಿದುಹೋಗುತ್ತದೆ. ಊರು ಸೇರುವ ಮೊದಲೇ ಅಸೋರ್ಸ್ ದ್ವೀಪಗಳಲ್ಲಿ ಪ್ರಾಣಬಿಟ್ಟ ಅಣ್ಣ ಪೌಲೊನಿಗೂ ಅಲ್ಲಿ ಒಂದು ಹನಿ ಕಣ್ಣೀರಿಲ್ಲ. ಗಾಳಿ ನೆಟ್ಟಗಿದ್ದ ಕಡೆ ಬಿರುಗಾಳಿ, ಜನ ಸತ್ತ ಕಡೆ ಪ್ರಣಯದ್ವೀಪ! ಕವಿ ಇತಿಹಾಸವನ್ನು ಸ್ವಲ್ಪ ತಿದ್ದಿದ್ದಾನೆ ಎಂದರೆ ಸಾಲದು, ತಲೆಕೆಳಗು ಮಾಡಿದ್ದಾನೆ.

ಇಲ್ಲಿ ಕವಿಯ ಪರವಾಗಿ ಒಂದು ವಾದವನ್ನು ಕೇಳಲೇಬೇಕು. ಕಥೆಯನ್ನು ಇದ್ದಂತೆ ನಿರ್ವಹಿಸುವುದಷ್ಟೇ ಕವಿಯ ಕೆಲಸವಲ್ಲ, ಅದಕ್ಕೆ ಇತಿಹಾಸವೇ ಇದೆ, ರಸಕ್ಕೆ ಒಗ್ಗದ ಭಾಗವನ್ನು ಕವಿ ಬಿಡಬಹುದು, ಹೊಸದನ್ನು ಕಟ್ಟಬಹುದು ಎಂದು ಆನಂದವರ್ಧನನೇ ಅಪ್ಪಣೆ ಕೊಟ್ಟಿದ್ದಾನೆ. ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಲು ವ್ಯಾಸರ ಕಥೆಯನ್ನೇ ಬದಲಿಸಿಕೊಂಡ. ಹಾಗಿದ್ದಮೇಲೆ ಕಮೋಯೆನ್ಸನ ಮೇಲೆ ಯಾಕೆ ಈ ಆಕ್ಷೇಪ?

ಉತ್ತರವೂ ಆನಂದವರ್ಧನನ ಮಾತಿನಲ್ಲೇ ಇದೆ. ಬದಲಾವಣೆ ರಸಕ್ಕಾಗಿ ಆಗಬೇಕು. ಮರುಪಯಣದ ಮೂರು ತಿಂಗಳು ಕರುಣರಸಕ್ಕೆ ತಾನಾಗಿ ಮಾಗಿ ನಿಂತ ವಸ್ತು. ಗೆದ್ದು ಮರಳುವವರನ್ನು ಗಾಳಿಯೇ ಇಲ್ಲದ ಕಡಲು ಕೊಲ್ಲುತ್ತದೆ, ಗೆದ್ದ ನೆಲಕ್ಕೇ ಶರಣಾಗಿ ಮರಳೋಣವೇ ಎಂದು ನಾಯಕರು ಕೂತು ಯೋಚಿಸುತ್ತಾರೆ. ಇದಕ್ಕಿಂತ ದೊಡ್ಡ ನಾಟಕ ಯಾವ ಮಹಾಕವಿಗೆ ಬೇಕು? ಸ್ಕರ್ವಿಯ ಸಾವನ್ನು ಐದನೆಯ ಸರ್ಗದಲ್ಲಿ ಅಷ್ಟು ಮನಮುಟ್ಟುವಂತೆ ಬರೆದವನಿಗೆ ಇದು ಅಸಾಧ್ಯವಾಗಿರಲಿಲ್ಲ. ಆದರೂ ಅವನು ಶೃಂಗಾರವನ್ನು ಆರಿಸಿಕೊಂಡ. ಅದು ವೀರಕ್ಕೆ ಪೋಷಕವಾಗದೆ ವೀರಕ್ಕೆ ಕೊಟ್ಟ ಲಂಚದಂತೆ ಕಾಣುತ್ತದೆ. ವೀರ ದೊಡ್ಡದಾಗುವುದು ಅದಕ್ಕೆ ತೆತ್ತ ಬೆಲೆಯಿಂದ. ಬೆಲೆಯನ್ನು ಮರೆಮಾಡಿದಾಗ ಕವಿಯ ನಾಯಕನೇ ಸಣ್ಣವನಾಗುತ್ತಾನೆ. ಔಚಿತ್ಯದ ದೃಷ್ಟಿಯಿಂದ 'ಲೂಸಿಯಾಡ್ಸ್' ಸೋತಿರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ. ಸುಂದರವಾದ ಸೋಲು, ಆದರೂ ಸೋಲೇ.

ಆದರೆ ದೊಡ್ಡ ಕವಿಯ ಕಾವ್ಯ ಅವನ ಉದ್ದೇಶಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. ನಾಲ್ಕನೆಯ ಸರ್ಗದ ಕೊನೆಯಲ್ಲಿ ಹಡಗುಗಳು ಹೊರಡುವಾಗ, ತಾಯಂದಿರೂ ಹೆಂಡಿರೂ ಅಳುತ್ತಿರುವ ದಂಡೆಯಲ್ಲಿ ಒಬ್ಬ ಮುದುಕ ಎದ್ದುನಿಲ್ಲುತ್ತಾನೆ. ಕೀರ್ತಿ ಎಂದು ನೀವು ಕರೆಯುವುದು ಬರೀ ಆಸೆ, ಈ ಆಸೆಯಿಂದ ಮನೆಗಳು ಬರಿದಾಗುತ್ತವೆ, ರಾಜ್ಯ ಬರಿದಾಗುತ್ತದೆ ಎಂದು ಅವನು ಯಾನವನ್ನೇ ಶಪಿಸುತ್ತಾನೆ. ಅವನಿಗೆ ಯಾರೂ ಉತ್ತರ ಕೊಡುವುದಿಲ್ಲ, ಹಡಗುಗಳು ಹೊರಟುಬಿಡುತ್ತವೆ. ಪ್ರಣಯದ್ವೀಪದ ಇಡೀ ಸರ್ಗವನ್ನು ಒಂದು ತಕ್ಕಡಿಯಲ್ಲಿಟ್ಟು ಈ ಮುದುಕನ ಹತ್ತು ಪದ್ಯಗಳನ್ನು ಇನ್ನೊಂದರಲ್ಲಿಟ್ಟರೆ ಮುದುಕನ ತಕ್ಕಡಿಯೇ ತೂಗುತ್ತದೆ. ಒಂಬತ್ತನೆಯ ಸರ್ಗದಲ್ಲಿ ಕವಿ ಮುಚ್ಚಿಟ್ಟದ್ದನ್ನು ನಾಲ್ಕನೆಯ ಸರ್ಗದಲ್ಲೇ ಈ ಮುದುಕ ಹೇಳಿ ಮುಗಿಸಿದ್ದಾನೆ.

ದಿನಚರಿಯೂ ನಿರ್ದೋಷಿಯಲ್ಲ. ಕಾಯ್ದ ಎಣ್ಣೆ ಸುರಿದು ಬಾಯಿಬಿಡಿಸಿದ್ದನ್ನು, ಅಂಜದೀವಿನಲ್ಲಿ ತಾನಾಗಿ ಬಂದು ಮಾತಾಡಿದ ಅಪರಿಚಿತನೊಬ್ಬನನ್ನು ಹಿಂಸಿಸಿದ್ದನ್ನು, ನೀರು ತುಂಬಿಸಿದ್ದನ್ನು ಹೇಳುವಷ್ಟೇ ನಿರ್ಲಿಪ್ತವಾಗಿ ಅದು ಹೇಳುತ್ತದೆ. ಮಲಿಂದಿಯಿಂದ ದಾರಿ ತೋರಿಸಿದವನ ಹೆಸರನ್ನು ಅದು ಬರೆದಿಲ್ಲ, ಕಾವ್ಯವೂ ಬರೆದಿಲ್ಲ. ಅವನು ಇಬ್ನ್ ಮಾಜಿದನೇ ಎಂಬ ಮಾತು ಇಪ್ಪತ್ತನೆಯ ಶತಮಾನದಲ್ಲಿ ಬಹಳ ಪ್ರಚಾರ ಪಡೆದರೂ ವಿದ್ವಾಂಸರು ಈಗ ಅದನ್ನು ಒಪ್ಪುವುದಿಲ್ಲ. ಹಳೆಯ ಪೋರ್ಚುಗೀಸ್ ಇತಿಹಾಸಕಾರರು ಅವನನ್ನು ಗುಜರಾತಿನವನು ಎನ್ನುತ್ತಾರೆ. ಎರಡು ಪುಸ್ತಕಗಳಿಗೂ ಆಧಾರವಾದ ಮನುಷ್ಯ ಎರಡರಲ್ಲೂ ಅನಾಮಿಕ.

ಈ ಮರೆವು ಗಾಮನ ಕಥೆಗಷ್ಟೇ ಸೇರಿದ್ದಲ್ಲ. ಮೆಗೆಲನ್ 1521ರಲ್ಲಿ ಫಿಲಿಪೈನ್ಸಿನ ಮಕ್ತಾನ್ ದ್ವೀಪದಲ್ಲಿ ಕೊಲೆಯಾದ. 'ವಿಕ್ಟೋರಿಯ' ಹಡಗನ್ನು 1522ರ ಸೆಪ್ಟೆಂಬರಿನಲ್ಲಿ, ಅಳಿದುಳಿದ 18 ಜನರೊಡನೆ, ಸ್ಪೇನಿಗೆ ತಂದು ಮುಟ್ಟಿಸಿದವನು ಎಲ್ಕಾನೊ. ಆ ಹಡಗಿನಲ್ಲೇ ಇದ್ದು ಆ ಯಾನದ ಪ್ರಸಿದ್ಧ ವೃತ್ತಾಂತವನ್ನು ಬರೆದ ಪಿಗಫೆಟ್ಟ, ಮೆಗೆಲನ್ನನನ್ನು ಬಾಯ್ತುಂಬ ಹೊಗಳುತ್ತಾನೆ; ತನ್ನನ್ನು ಜೀವಸಹಿತ ಮನೆಗೆ ತಲುಪಿಸಿದ ಎಲ್ಕಾನೊನ ಹೆಸರನ್ನು ಒಮ್ಮೆಯೂ ಎತ್ತುವುದಿಲ್ಲ. ಹೋಗುವವನಿಗೆ ಕೀರ್ತಿ, ಮರಳಿ ತರುವವನಿಗೆ ಮೌನ.

ಊರು ಬಿಟ್ಟು ದೂರ ಬಂದು ನೆಲೆಸಿದ ನಮಗೆ ಇದು ಪೂರಾ ಅಪರಿಚಿತವಾದ ಸಂಗತಿಯಲ್ಲ. ಊರಿಗೆ ಬರೆಯುವ ಕಾಗದಗಳಲ್ಲಿ ನಾವೂ ಪ್ರಣಯದ್ವೀಪಗಳನ್ನು ತೇಲಿಬಿಟ್ಟವರೇ. ಒಂದು ಕೋಣೆಯ ಸಂಸಾರ, ಲೋಕಲ್ ರೈಲಿನ ನೂಕುನುಗ್ಗಲು, ಖಾಯಿಲೆ, ಸಾಲ ಇವೆಲ್ಲ ಆ ಕಾಗದಗಳಲ್ಲಿ ಕಾಣಿಸುತ್ತಿರಲಿಲ್ಲ. ಪ್ರೀತಿಯಿಂದ ಮುಚ್ಚಿಡುತ್ತಿದ್ದೆವು ನಿಜ. ಆದರೆ ನಮ್ಮ ಮಕ್ಕಳು ಆ ಕಾಗದಗಳನ್ನು ಮಾತ್ರ ಓದಿದರೆ ನಮ್ಮ ಬಾಳು ಅವರಿಗೆ ಎಷ್ಟು ಅರ್ಥವಾದೀತು?

ಆದ್ದರಿಂದ ಮಕ್ಕಳಿಗೆ ಈ ಕಥೆಯನ್ನು ಹೇಳುವಾಗ ಕಮೋಯೆನ್ಸನ ದೈತ್ಯನನ್ನೂ ಮುದುಕನನ್ನೂ ಹೇಳೋಣ, ಅವು ಕೈಬಿಡಬಾರದ ಸಂಪತ್ತು. ಆದರೆ ಜೊತೆಗೆ ಆ ಹೆಸರಿಲ್ಲದ ನಾವಿಕನ ಪುಟಗಳನ್ನೂ ಓದಿಸೋಣ. ಅವನ ದಿನಚರಿ 1499ರ ಏಪ್ರಿಲ್ 25ರಂದು, ಲಿಸ್ಬನ್ ಇನ್ನೂ ದೂರವಿರುವಾಗಲೇ, ಆಫ್ರಿಕದ ಪಶ್ಚಿಮ ತೀರದ ಮರಳುದಿಬ್ಬಗಳ ಬಳಿ ಥಟ್ಟನೆ ನಿಂತುಹೋಗುತ್ತದೆ. ಅದಕ್ಕೆ ಮಂಗಳವಿಲ್ಲ, ಫಲಶ್ರುತಿಯಿಲ್ಲ. ಕೊನೆಗೆ ಜೋಡಿಸಿರುವುದು ಕಲ್ಲಿಕೋಟೆಯ ಜನರ ಭಾಷೆಯಿಂದ ಅವನು ಆಯ್ದುಕೊಂಡ ಕೆಲವು ಪದಗಳ ಪಟ್ಟಿ ಮತ್ತು ಅವುಗಳ ಅರ್ಥ. ಪರಸ್ಥಳಕ್ಕೆ ಹೋದವನು ಅಲ್ಲಿಯವರ ಮಾತನ್ನು ತಪ್ಪುತಪ್ಪಾಗಿಯಾದರೂ ಕಲಿತು ಬರೆದಿಟ್ಟುಕೊಂಡದ್ದು, ಪ್ರಣಯದ್ವೀಪಕ್ಕಿಂತ ನನಗೆ ಹೆಚ್ಚು ಪ್ರಿಯವಾದ ಮುಕ್ತಾಯ.